ಕೆಂಪು ಕಿತ್ತಳೆಯ ಬಣ್ಣ ಅಸಲಿ. ಅದನ್ನು ಕೆಡಿಸುವುದು ನಮ್ಮ ನೀರು, ಪಾತ್ರೆ, ಸೋಡಾ

ಮಾನ್ಯ ಸಂಪಾದಕರೇ,

ಹೊರಗಿನಿಂದ ಮೋಸಂಬಿಯಂತೆ ಕಂಡು, ಕೊಯ್ದರೆ ಒಳಗೆ ಕಡುಗೆಂಪಾಗಿರುವ ಕಿತ್ತಳೆ ಈಗ ಕಲಬುರಗಿಯ ದೊಡ್ಡ ಹಣ್ಣಿನ ಅಂಗಡಿಗಳಲ್ಲೂ ಆಗೊಮ್ಮೆ ಈಗೊಮ್ಮೆ ಸಿಗುತ್ತಿದೆ. ಅಂಗಡಿಯವರು ಬ್ಲಡ್ ಆರೆಂಜ್ ಎನ್ನುತ್ತಾರೆ. ಕೊಂಡವರಿಂದ ಎರಡು ಮಾತು ಕೇಳಿಬರುತ್ತವೆ. ಸೂಜಿ ಚುಚ್ಚಿ ಬಣ್ಣ ತುಂಬಿದ್ದಾರೆ ಎಂಬುದು ಒಂದು. ಶಿರಾಕ್ಕೆ ಹಾಕಿದರೆ ಕೆಂಪೆಲ್ಲ ಹೋಗಿ ಬೂದಿ ಬಣ್ಣಕ್ಕೆ ತಿರುಗಿತು, ದುಡ್ಡು ದಂಡವಾಯಿತು ಎಂಬುದು ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ನಿಜವೇ, ಆದರೆ ತಪ್ಪು ಹಣ್ಣಿನದಲ್ಲ. ನಮ್ಮ ಭಾಗದ ಬೋರಿನ ನೀರು, ಕಬ್ಬಿಣದ ಬುಟ್ಟಿ (ಬಾಣಲೆ), ಕೈಗೆ ಸುಲಭವಾಗಿ ಸಿಗುವ ಅಡುಗೆ ಸೋಡಾ, ಈ ಮೂರೂ ಈ ಹಣ್ಣಿಗೆ ಆಗಿಬರುವುದಿಲ್ಲ. ಇಷ್ಟು ಬೆಲೆಯ ಹಣ್ಣು ಹೀಗೆ ಹಾಳಾಗಬಾರದೆಂದು ವಿವರವಾಗಿ ಬರೆಯುತ್ತಿದ್ದೇವೆ.

ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆ ಹಣ್ಣು, ದಾಳಿಂಬೆ, ಕೆಂಪು ಎಲೆಕೋಸುಗಳಲ್ಲಿ ಇರುವುದೂ ಇದೇ ಗುಂಪಿನದು. ಬೀಟ್‌ರೂಟ್‌ನ ಕೆಂಪು ಬೇರೆ, ಟೊಮೆಟೊ ಮತ್ತು ಕಲ್ಲಂಗಡಿಯ ಕೆಂಪು ಇನ್ನೂ ಬೇರೆ. ಮಾಮೂಲಿ ಕಿತ್ತಳೆಯಲ್ಲಿ ಈ ದ್ರವ್ಯವನ್ನು ತಯಾರಿಸುವ ಜೀನ್ ಮಲಗಿರುತ್ತದೆ. ಕೆಂಪು ತಳಿಗಳಲ್ಲಿ ಅದು ಚಳಿ ತಾಗಿದಾಗ ಎಚ್ಚರಗೊಳ್ಳುತ್ತದೆ. ಬ್ರಿಟನ್ನಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಸೆಂಟರ್‌ನ ವಿಜ್ಞಾನಿಗಳು 2012ರಲ್ಲಿ ಇದನ್ನು ವಿವರಿಸಿದರು. ಆ ಜೀನಿಗೆ ರೂಬಿ ಎಂದು ಹೆಸರು. ಇಟಲಿಯ ಸಿಸಿಲಿಯಲ್ಲಿ ಎಟ್ನಾ ಜ್ವಾಲಾಮುಖಿಯ ಸುತ್ತಲಿನ ತೋಟಗಳು ಈ ಹಣ್ಣಿಗೆ ಹೆಸರಾದದ್ದೂ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ ಇರುವುದರಿಂದಲೇ. ಅಲ್ಲಿ ಮುಖ್ಯವಾಗಿ ಮೂರು ತಳಿ. ಮೊರೊ ಎಲ್ಲಕ್ಕಿಂತ ಕಪ್ಪುಗೆಂಪು, ರುಚಿಯಲ್ಲಿ ಸ್ವಲ್ಪ ಕಹಿಯಂಚು ಇದೆ. ತರೊಕ್ಕೊ ಹೆಚ್ಚು ಸಿಹಿ, ಆದರೆ ಕೆಂಪು ಕಡಿಮೆ, ಕೆಲವೊಮ್ಮೆ ಗೆರೆಗಳಷ್ಟೇ. ಸಾಂಗ್ವಿನೆಲ್ಲೊ ಇವೆರಡರ ನಡುವಿನದು. ನಮ್ಮ ದೇಶದಲ್ಲಿ ಪಂಜಾಬಿನ ಕಡೆ ಬ್ಲಡ್ ರೆಡ್ ಎಂಬ ಮಾಲ್ಟಾ ತಳಿ ಬೆಳೆಯುತ್ತಾರೆ, ಅದು ಡಿಸೆಂಬರ್–ಜನವರಿಯಲ್ಲಿ ಮಾಗುತ್ತದೆ.

ಬಣ್ಣದ ಅನುಮಾನವನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಬಹುದು. ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ. ಅಸಲಿ ಕೆಂಪು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ತೊಳೆ ಕಡುಗೆಂಪು, ಪಕ್ಕದ್ದು ಹಳದಿ ಬೆರೆತದ್ದು, ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ. ತೊಗಟೆ ಮತ್ತು ತೊಳೆಯ ನಡುವಿನ ಬಿಳಿ ಪದರ ಬೆಳ್ಳಗೇ ಇರುತ್ತದೆ. ಸೂಜಿಯಿಂದ ಬಣ್ಣ ಹೋಗಿದ್ದರೆ ಮೊದಲು ಕಲೆಯಾಗುವುದೇ ಆ ಬಿಳಿ ಪದರ. ಇಷ್ಟಕ್ಕೂ ಸಮಾಧಾನವಾಗದಿದ್ದರೆ ಒಂದು ಚಮಚ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಕೆಂಪು ಕರಗಿ ನೀಲಿ ಹಸಿರಿನ ಬೂದಿ ಬಣ್ಣ ಬರುತ್ತದೆ, ನಿಂಬೆ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಮಿಠಾಯಿಗೆ ಬಳಸುವ ಕೃತಕ ಕೆಂಪು ಹೀಗೆ ಬಣ್ಣ ಬದಲಿಸುವುದಿಲ್ಲ. ಒಂದು ವಿಷಯ ಗಮನದಲ್ಲಿರಲಿ: ಒಳಗೆ ಗುಲಾಬಿ ಬಣ್ಣವಿರುವ ಕಾರಾ ಕಾರಾ ಎಂಬ ಕಿತ್ತಳೆಯೂ ಉಂಟು. ಅದರ ಬಣ್ಣ ಟೊಮೆಟೊದಲ್ಲಿರುವ ಲೈಕೊಪೀನ್‌ನಿಂದ ಬಂದದ್ದು, ಸೋಡಾಕ್ಕೆ ಬದಲಾಗುವುದಿಲ್ಲ. ಅದೂ ನಕಲಿಯಲ್ಲ, ಬೇರೆ ಹಣ್ಣು ಅಷ್ಟೇ.

ಈ ಸೋಡಾ ಪರೀಕ್ಷೆಯಲ್ಲೇ ಅಡುಗೆಯ ಪಾಠವೆಲ್ಲ ಇದೆ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ಬೂದಿ. ನಮ್ಮ ಶಹಾಬಾದ್, ಚಿತ್ತಾಪುರ, ಸೇಡಂ ಭಾಗ ಸುಣ್ಣಕಲ್ಲಿನ ನೆಲ. ಅಲ್ಲಿನ ಬೋರಿನ ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂಬುದು ಕೆಟಲ್ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ ನೋಡಿದರೆ ಗೊತ್ತಾಗುತ್ತದೆ. ತೊಗರಿಬೇಳೆ ಬೇಗ ಬೇಯದಿರುವುದೂ ಈ ನೀರಿನಿಂದಲೇ. ಅದೇ ನೀರು ಕೆಂಪು ಕಿತ್ತಳೆಗೆ ಎರಡು ತರದ ಹಾನಿ ಮಾಡುತ್ತದೆ. ನೀರಿನ ಕ್ಷಾರ ಹಣ್ಣಿನ ಹುಳಿಯನ್ನು ತಗ್ಗಿಸಿ ಬಣ್ಣ ಮಂಕಾಗಿಸುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ತೊಗಟೆಯ ಪೆಕ್ಟಿನ್ ಎಂಬ ಅಂಟಿನಂಶದ ಜೊತೆ ಸೇರಿ ತೊಗಟೆಯನ್ನು ಗಟ್ಟಿ ಮಾಡುತ್ತದೆ. ಎರಡು ತಾಸು ಕುದಿಸಿದರೂ ಅದು ಹಲ್ಲಿಗೆ ತೊಗಲಿನಂತೆ ಸಿಗುತ್ತದೆ. ಆದ್ದರಿಂದ ಶರಬತ್ತಿಗಾಗಲಿ ಮುರಬ್ಬಕ್ಕಾಗಲಿ ಫಿಲ್ಟರ್ ನೀರನ್ನೇ ಬಳಸಬೇಕು. ಅದಿಲ್ಲದವರು ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಳ್ಳಲಿ. ಸುಣ್ಣದ ಒಂದಷ್ಟು ಭಾಗ ತಳಕ್ಕಿಳಿದಿರುತ್ತದೆ, ಪೂರ್ತಿ ಹೋಗುವುದಿಲ್ಲ. ಮೇಲೆ ಲೀಟರಿಗೆ ಒಂದು ಚಮಚ ನಿಂಬೆರಸ ಸೇರಿಸಿದರೆ ಕೆಲಸ ನಡೆಯುತ್ತದೆ.

ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬುಟ್ಟಿಯಲ್ಲಿ ಹುಳಿ ಕಬ್ಬಿಣವನ್ನು ಕರಗಿಸುತ್ತದೆ, ಅದು ವರ್ಣದ್ರವ್ಯದ ಜೊತೆ ಸೇರಿ ನೀಲಿಗಪ್ಪು ಛಾಯೆ ಬರುತ್ತದೆ, ಬಾಯಿಗೆ ಲೋಹದ ರುಚಿ. ಅಲ್ಯೂಮಿನಿಯಂ ಕೂಡ ಬೇಡ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಯಾವ ಹುಳಿಗೂ ಸಲ್ಲದು. ಬೀದರಿನವರಿಗೆ ಒಂದು ಮಾತು ಹೆಚ್ಚು: ಅತಿಥಿಗಳು ಬಂದಾಗ ಬಿದರಿ ತಟ್ಟೆಯಲ್ಲಿ ಕೊಯ್ದ ಕಿತ್ತಳೆ ಇಡಬೇಡಿ. ಕಪ್ಪು ನೆಲದ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬಿದರಿಯ ಎರಕದಲ್ಲಿ ಹೆಚ್ಚಿನ ಪಾಲು ಸತು. ಹುಳಿ ತಾಗಿದರೆ ಸತು ರಸಕ್ಕೆ ಇಳಿಯುತ್ತದೆ, ತಟ್ಟೆಯ ಕಪ್ಪು ಮೆರುಗೂ ಕೆಡುತ್ತದೆ.

ಕೊಳ್ಳುವಾಗ ತೊಗಟೆಯ ಬಣ್ಣ ನೋಡಿ ಒಳಗಿನ ಕೆಂಪನ್ನು ಅಳೆಯಲಾಗದು. ಗಾತ್ರಕ್ಕೆ ಮೀರಿದ ಭಾರ, ನುಣುಪಾದ ಬಿಗಿ ತೊಗಟೆ, ತೊಟ್ಟಿನ ಬಳಿ ಮೆತ್ತಗಾಗದಿರುವುದು, ಇಷ್ಟು ಸಾಕು. ಇದು ಮೋಸಂಬಿಯ ಬಳಗದ್ದು. ನಾಗಪುರ ಸಂತ್ರಾದಂತೆ ಕೈಯಲ್ಲಿ ಸಲೀಸಾಗಿ ಸುಲಿಯುವುದಿಲ್ಲ, ಚಾಕು ಬೇಕು. 150 ಗ್ರಾಂ ತೂಗುವ ಹಣ್ಣಿನಿಂದ ಸುಮಾರು 60 ಎಂಎಲ್ ರಸ ಬರುತ್ತದೆ. ಫೆಬ್ರುವರಿ ಕಳೆದ ಮೇಲೆ ನಮ್ಮ ಊರಿನ ಸೆಖೆಗೆ ಹೊರಗಿಟ್ಟರೆ ನಾಲ್ಕೈದು ದಿನದಲ್ಲಿ ಬಾಡುತ್ತದೆ. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ, ತೊಳೆಯದೆ, ಬಟ್ಟೆ ಚೀಲದಲ್ಲಿಟ್ಟರೆ ಎರಡು ವಾರ ತಾಳುತ್ತದೆ. ಕಿತ್ತ ಮೇಲೂ 8–10 ಡಿಗ್ರಿ ತಂಪಿನಲ್ಲಿ ಕೆಂಪು ಹೆಚ್ಚುವ ಗುಣ ಈ ಹಣ್ಣಿಗಿದೆ. ಪೇಲವವಾಗಿ ಕಂಡ ಹಣ್ಣನ್ನು ಒಂದು ವಾರ ಅಲ್ಲಿಟ್ಟು ನೋಡಬಹುದು.

ರಸ ತೆಗೆಯಲು ಮಿಕ್ಸಿ ಬೇಡ. ಬೀಜ, ಸಿಪ್ಪೆಯ ಪದರ ಅರೆದರೆ ಕಹಿ ಬಿಡುತ್ತದೆ, ಅದೂ ಕೂಡಲೇ ಗೊತ್ತಾಗದು. ಹಿಂಡಿದಾಗ ಸಿಹಿಯಾಗಿದ್ದ ರಸ ಎರಡು ಮೂರು ತಾಸಿನ ಮೇಲೆ ಕಹಿಯಾಗುತ್ತದೆ, ಏಕೆಂದರೆ ಪದರದಲ್ಲಿರುವ ರುಚಿಯಿಲ್ಲದ ಅಂಶ ರಸದ ಹುಳಿಯಲ್ಲಿ ನಿಧಾನವಾಗಿ ಲಿಮೊನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆ. ಮೋಸಂಬಿ ರಸ ಇಟ್ಟರೆ ಕಹಿಯಾಗುವುದೂ ಹೀಗೆಯೇ. ಕೈಯಿಂದ ಒತ್ತುವ ಹಿಂಡುಕದಲ್ಲಿ ಹಗುರಾಗಿ ಹಿಂಡಿ ಆಗಲೇ ಬಳಸಬೇಕು.

ತೊಳೆ ಬಿಡಿಸುವ ಕ್ರಮವೂ ಮುಖ್ಯ. ಹಣ್ಣಿನ ಮೇಲೆ ಕೆಳಗೆ ಒಂದಿಷ್ಟು ಕೊಯ್ದು ಮಣೆಯ ಮೇಲೆ ನಿಲ್ಲಿಸಿ. ಹರಿತವಾದ ಚಾಕುವನ್ನು ಹಣ್ಣಿನ ಉಬ್ಬಿಗೆ ತಕ್ಕಂತೆ ಮೇಲಿನಿಂದ ಕೆಳಕ್ಕೆ ಇಳಿಸಿ, ಬಿಳಿ ಪದರ ಉಳಿಯದಂತೆ ತೊಗಟೆ ತೆಗೆಯಿರಿ. ಆಮೇಲೆ ಕೈಯಲ್ಲಿ ಹಿಡಿದು, ಬಟ್ಟಲಿನ ಮೇಲೆಯೇ, ಪದರದ ಎರಡೂ ಬದಿ ಕೊಯ್ದರೆ ತೊಳೆ ಇಡಿಯಾಗಿ ಜಾರಿ ಬೀಳುತ್ತದೆ. ಉಳಿದ ಪದರವನ್ನು ಹಿಂಡಿದರೆ ಇನ್ನೂ ಎರಡು ಚಮಚ ರಸ ಸಿಗುತ್ತದೆ. ಮೊಂಡು ಚಾಕುವಿನಲ್ಲಿ ತೊಳೆ ನುಜ್ಜಾಗಿ ರಸವೆಲ್ಲ ಮಣೆಗೆ ಹೋಗುತ್ತದೆ.

ಬೇಯಿಸದೆ ತಿನ್ನುವುದೇ ಈ ಹಣ್ಣಿಗೆ ಮೊದಲ ಮರ್ಯಾದೆ. ಸಿಸಿಲಿಯಲ್ಲಿ ಕಿತ್ತಳೆ, ಈರುಳ್ಳಿ, ಆಲಿವ್ ಎಣ್ಣೆ, ಉಪ್ಪು, ಮೆಣಸಿನಪುಡಿ ಹಾಕಿ ಕೋಸಂಬರಿಯಂಥ ಒಂದು ತಿನಿಸು ಮಾಡುತ್ತಾರೆ. ನಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಪಕ್ಕ ಅದು ಬಹಳ ಹೊಂದುತ್ತದೆ. ಮೂರು ಹಣ್ಣಿನ ತೊಳೆ, ಒಂದು ಸಣ್ಣ ಈರುಳ್ಳಿ ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿದ್ದು, ಗಾಣದ ಶೇಂಗಾ ಎಣ್ಣೆ ಎರಡು ಚಮಚ, ಕುಟ್ಟಿದ ಕರಿಮೆಣಸು ಕಾಲು ಚಮಚ, ಬಡೆಸೋಪು ಅರ್ಧ ಚಮಚ ಹುರಿದು ಜಜ್ಜಿದ್ದು, ಹುರಿದ ಶೇಂಗಾ ಒಂದು ಹಿಡಿ ಒಡೆದದ್ದು. ಉಪ್ಪನ್ನು ಮಾತ್ರ ತಟ್ಟೆಗೆ ಬಡಿಸುವಾಗ ಹಾಕಬೇಕು. ಮೊದಲೇ ಹಾಕಿದರೆ ತೊಳೆ ನೀರು ಬಿಟ್ಟು ಶೇಂಗಾ ಮೆತ್ತಗಾಗುತ್ತದೆ. ಈರುಳ್ಳಿ ನೆನೆಸದೆ ಹಾಕಿದರೆ ಅದರ ಘಾಟಿಗೆ ಹಣ್ಣಿನ ಪರಿಮಳ ಗೊತ್ತೇ ಆಗುವುದಿಲ್ಲ.

ಶಿರಾದ ಗೋಳಿಗೆ ಬರೋಣ. ರಸವನ್ನು ನೀರಿನ ಜೊತೆ ಮೊದಲೇ ಕುದಿಸುವುದು ತಪ್ಪು. ದೀರ್ಘ ಕಾವಿಗೆ ಕೆಂಪು ಕಂದಾಗುತ್ತದೆ. ರವೆಯೂ ರಸದ ಹುಳಿಯನ್ನು ತಗ್ಗಿಸಿ ಕೆಂಪನ್ನು ಮಾಸಲು ನೇರಳೆಗೆ ಎಳೆಯುತ್ತದೆ. ಹಾಲು ಹಾಕಿದರಂತೂ ಒಡೆಯುತ್ತದೆ. ಒಂದು ಕಪ್ಪು ರವೆಯನ್ನು ಅರ್ಧ ಕಪ್ಪು ತುಪ್ಪದಲ್ಲಿ ಸಣ್ಣ ಉರಿಯಲ್ಲಿ, ಕೆಂಪಗಾಗಲು ಬಿಡದೆ, ಘಮ ಬರುವಷ್ಟೇ ಹುರಿಯಿರಿ. ಎರಡು ಕಪ್ಪು ಕುದಿಯುವ ಫಿಲ್ಟರ್ ನೀರು ಹಾಕಿ ಬೇಯಿಸಿ, ಮುಕ್ಕಾಲು ಕಪ್ಪು ಸಕ್ಕರೆ ಸೇರಿಸಿ, ತಳ ಬಿಟ್ಟ ಮೇಲೆ ಒಲೆ ಆರಿಸಿ. ಈಗ ಅರ್ಧ ಕಪ್ಪು ರಸಕ್ಕೆ ಒಂದು ಚಮಚ ನಿಂಬೆರಸ ಬೆರೆಸಿ ಶಿರಾಕ್ಕೆ ಹಾಕಿ ಕೈಯಾಡಿಸಿ, ಐದು ನಿಮಿಷ ಮುಚ್ಚಿಡಿ. ತುರಿದ ತೊಗಟೆ ಒಂದು ಚಮಚ ಸೇರಿಸಿದರೆ ಏಲಕ್ಕಿ ಬೇಕಿಲ್ಲ. ಇಷ್ಟು ಮಾಡಿದರೂ ಬರುವುದು ಗುಲಾಬಿ ಛಾಯೆಯೇ, ಕಡುಗೆಂಪಲ್ಲ. ಕಡುಗೆಂಪು ಬೇಕೆನ್ನುವವರು ತೊಳೆಗಳನ್ನು ಮೇಲೆ ಜೋಡಿಸಲಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಬೆಲ್ಲದ ಕಂದಿನಲ್ಲಿ ಹಣ್ಣಿನ ಬಣ್ಣ ಮುಚ್ಚಿಹೋಗುತ್ತದೆ.

ಕೇಕಿಗೂ ಇದೇ ಎಚ್ಚರ. ಸೋಡಾ ಹಾಕಿದ ಹಿಟ್ಟಿಗೆ ರಸ ಬೆರೆಸಿದರೆ ಹಸಿರು ಬೂದಿ ಬರುತ್ತದೆ; ಮೊಟ್ಟೆಯ ಬಿಳಿ ಕೂಡ ಕ್ಷಾರವೇ. ಹಿಟ್ಟಿಗೆ ತೊಗಟೆಯ ತುರಿ ಮಾತ್ರ ಹಾಕಿ, ರಸವನ್ನು ಪುಡಿ ಸಕ್ಕರೆಯಲ್ಲಿ ಕಲಸಿ ಆರಿದ ಕೇಕಿನ ಮೇಲೆ ಸುರಿಯುವುದು ಸರಿಯಾದ ದಾರಿ.

ಶ್ರೀಖಂಡಕ್ಕೆ ಹಸಿ ರಸ ಹಾಕಿದರೆ ನೀರಾಗುತ್ತದೆ. ಗಟ್ಟಿ ಮೊಸರು 500 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ಎಂಟು ತಾಸು ತೂಗುಹಾಕಿದರೆ ಅರ್ಧದಷ್ಟು ಚಕ್ಕಾ ಸಿಗುತ್ತದೆ. ಹೊರಗೆ ತೂಗುಹಾಕಿದರೆ ನಮ್ಮ ಸೆಖೆಯಲ್ಲಿ ಹುಳಿ ಏರಿಬಿಡುತ್ತದೆ. ಅರ್ಧ ಕಪ್ಪು ರಸವನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡು ದೊಡ್ಡ ಚಮಚಕ್ಕೆ ಇಳಿಸಿ, ಪೂರ್ತಿ ಆರಿಸಿ, 100 ಗ್ರಾಂ ಪುಡಿ ಸಕ್ಕರೆಯ ಜೊತೆ ಚಕ್ಕಾಕ್ಕೆ ಸೇರಿಸಿ. ಪಾತ್ರೆ ಅಗಲವಿದ್ದಷ್ಟೂ ನೀರು ಬೇಗ ಹೋಗುತ್ತದೆ, ಬಣ್ಣ ಕಾವಿನಲ್ಲಿರುವ ಹೊತ್ತು ಕಡಿಮೆಯಾಗುತ್ತದೆ. ಮೊಸರಿನಲ್ಲೇ ಹುಳಿ ಇರುವುದರಿಂದ ಗುಲಾಬಿ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಬೇಯಿಸಿದ ಸಿಹಿಗಳಿಗಿಂತ ಈ ಹಣ್ಣಿಗೆ ಶ್ರೀಖಂಡವೇ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮುರಬ್ಬ ಮಾಡುವವರು ಮೊದಲು ತೊಗಟೆಯ ಮೇಲಿನ ಮೇಣದ ಬಗ್ಗೆ ತಿಳಿಯಬೇಕು. ಹೊರದೇಶದಿಂದ ಬರುವ ಕಿತ್ತಳೆಗೆ ಸಾಮಾನ್ಯವಾಗಿ ಮೇಣ ಲೇಪಿಸಿರುತ್ತಾರೆ, ಬೂಸು ಬಾರದಂತೆ ಔಷಧಿಯನ್ನೂ ಬಳಸಿರುವುದುಂಟು. ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಮೇಣ ಹೋಗುತ್ತದೆ, ಔಷಧಿ ಪೂರ್ತಿ ಹೋಗುತ್ತದೆ ಎನ್ನಲಾಗದು. ಹಾಗಾಗಿ ತೊಗಟೆ ತಿನ್ನುವ ಅಡುಗೆಗೆ ಮೇಣವಿಲ್ಲದ ಹಣ್ಣನ್ನೇ ಹುಡುಕುವುದು ಒಳ್ಳೆಯದು.

ಒಂದು ಕಿಲೋ ಹಣ್ಣಿಗೆ ಮೂರು ನಿಂಬೆ, ಒಂದೂವರೆ ಲೀಟರ್ ಫಿಲ್ಟರ್ ನೀರು, ಒಂದು ಕಿಲೋ ಸಕ್ಕರೆ. ಹಣ್ಣನ್ನು ಹಿಂಡಿ ರಸವನ್ನು ಫ್ರಿಜ್ಜಿನಲ್ಲಿಡಿ. ತೊಗಟೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ಬೀಜ ಮತ್ತು ಒಳಪದರಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡನ್ನೂ ನಿಂಬೆರಸ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ಸಣ್ಣ ಉರಿಯಲ್ಲಿ ಒಂದೂವರೆ ತಾಸು ಕುದಿಸಿ. ಎಳೆಯನ್ನು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ನುಜ್ಜಾಗುವವರೆಗೆ ಸಕ್ಕರೆ ಹಾಕಲೇಬಾರದು. ಸಕ್ಕರೆ ಬಿದ್ದ ಮೇಲೆ ತೊಗಟೆ ಮೆತ್ತಗಾಗುವುದು ನಿಂತುಹೋಗುತ್ತದೆ. ಗಂಟನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಆ ಲೋಳೆಯೇ ಪೆಕ್ಟಿನ್, ಮುರಬ್ಬ ಗಟ್ಟಿಯಾಗುವುದು ಅದರಿಂದ. ಇನ್ನು ಸಕ್ಕರೆ ಮತ್ತು ಎತ್ತಿಟ್ಟ ರಸ ಒಟ್ಟಿಗೆ ಹಾಕಿ, ಸಕ್ಕರೆ ಕರಗಿದ ಮೇಲೆ ಜೋರು ಉರಿಯಲ್ಲಿ ಕುದಿಸಿ. ಒಮ್ಮೆಗೆ ಅರ್ಧ ಪಾಲು ಮಾತ್ರ ಒಲೆಗೇರಿಸಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಹದಕ್ಕೆ ಬರುತ್ತದೆ, ಬಣ್ಣವೂ ಉಳಿಯುತ್ತದೆ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ತಾಸುಗಟ್ಟಲೆ ಕಾಯಿಸಿದರೆ ಸಿಗುವುದು ಕಂದು ಮುರಬ್ಬ.

ಹದ ನೋಡಲು ಥರ್ಮಾಮೀಟರ್ ಬಳಸುವವರಿಗೆ ಒಂದು ಸೂಚನೆ. ಪುಸ್ತಕಗಳಲ್ಲಿ 104–105 ಡಿಗ್ರಿ ಎಂದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98.5 ಡಿಗ್ರಿ ಆಸುಪಾಸು. ಬೀದರ್ ಇನ್ನೂ ಎತ್ತರ, ಅಲ್ಲಿ 98ರ ಹತ್ತಿರ. 105ರವರೆಗೆ ಕಾದರೆ ಅಂಟುಂಡೆಯಾಗುತ್ತದೆ. ನಿಮ್ಮ ಮನೆಯ ನೀರು ಎಷ್ಟಕ್ಕೆ ಕುದಿಯುತ್ತದೆಯೋ ಅದರ ಮೇಲೆ ನಾಲ್ಕೂವರೆ ಡಿಗ್ರಿ ಎಂದು ಲೆಕ್ಕ ಹಿಡಿಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು, ಅರ್ಧ ನಿಮಿಷದ ಮೇಲೆ ಬೆರಳಿನಿಂದ ತಳ್ಳಿ ನೋಡಿ. ಮೇಲೆ ಸುಕ್ಕು ಬಿದ್ದರೆ ಆಯಿತು. ಈ ಪರೀಕ್ಷೆ ಮಾಡುವಾಗ ಒಲೆ ಆರಿಸಿರಬೇಕು. ಹದಕ್ಕೆ ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಕಲಕಿ ಬಾಟಲಿಗೆ ತುಂಬಿದರೆ ಎಳೆಗಳು ಮೇಲೆ ತೇಲುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟರೆ ಕೆಡದಿದ್ದರೂ ಬಣ್ಣ ಕಂದಾಗುತ್ತದೆ, ಫ್ರಿಜ್ಜಿನಲ್ಲೇ ಇಡಿ.

ಆರೋಗ್ಯದ ಹೆಸರಿನಲ್ಲಿ ಹಬ್ಬಿರುವ ಒಂದು ಮಾತನ್ನು ತಿದ್ದಬೇಕಿದೆ. ಈ ಹಣ್ಣು ಕೆಂಪಗಿದೆ, ಆದ್ದರಿಂದ ರಕ್ತ ಹೆಚ್ಚುತ್ತದೆ ಎಂದು ಬಸುರಿ ಹೆಣ್ಣುಮಕ್ಕಳಿಗೆ ಹೇಳಿ ಮಾರುವವರಿದ್ದಾರೆ. ಇದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ವಿಟಮಿನ್ ಸಿ. ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ, ಅದೂ ಆ ಊಟದ ಜೊತೆಗೇ ತಿಂದರೆ. ಆ ಕೆಲಸವನ್ನು ಮೋಸಂಬಿ, ಪೇರಲ, ಊಟಕ್ಕೆ ಹಿಂಡಿದ ನಿಂಬೆ ಅಷ್ಟೇ ಚೆನ್ನಾಗಿ ಮಾಡುತ್ತವೆ. ರಕ್ತಹೀನತೆ ಇರುವವರು ದುಬಾರಿ ಹಣ್ಣಿಗೆ ದುಡ್ಡು ಸುರಿಯದೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸದಿರಲಿ.

ರೈತರಿಗೂ ಒಂದು ಮಾತು. ಕೆಂಪು ಕಿತ್ತಳೆ ಸಸಿ ಎಂದು ಯಾರಾದರೂ ಹೆಚ್ಚು ಬೆಲೆಗೆ ಕೊಡಲು ಬಂದರೆ ಆತುರ ಬೇಡ. ಗಿಡ ಬೆಳೆದೀತು, ಕಾಯಿಯೂ ಬಿಟ್ಟೀತು. ಆದರೆ ಜನವರಿಯಲ್ಲೂ ಹಗಲು 30 ಡಿಗ್ರಿ ಹತ್ತಿರ ಇರುವ, ಚಳಿ ಕೆಲವೇ ವಾರ ನಿಲ್ಲುವ ನಮ್ಮ ಜಿಲ್ಲೆಗಳಲ್ಲಿ ಒಳಗೆ ಕೆಂಪು ಬರುತ್ತದೆಂಬ ಭರವಸೆ ಇಲ್ಲ. ಅಮೆರಿಕದ ಫ್ಲಾರಿಡಾದಂಥ ಕಿತ್ತಳೆ ನಾಡಿನಲ್ಲೇ ಸೆಖೆಯಿಂದಾಗಿ ಈ ತಳಿಗಳು ಸರಿಯಾಗಿ ಕೆಂಪಾಗುವುದಿಲ್ಲ. ಹಿತ್ತಲಿಗೆ ಒಂದು ಗಿಡ ಹಾಕಿಕೊಳ್ಳಲು ಅಡ್ಡಿಯಿಲ್ಲ, ಎಕರೆಗಟ್ಟಲೆ ಹಾಕುವುದು ಬೇಡ.

ಹಣ್ಣು ಸಿಗದವರು ಒಂದು ಕಪ್ಪು ಸಂತ್ರಾ ರಸಕ್ಕೆ ಕಾಲು ಕಪ್ಪು ದಾಳಿಂಬೆ ರಸ, ಅರ್ಧ ಚಮಚ ನಿಂಬೆರಸ ಬೆರೆಸಿಕೊಳ್ಳಬಹುದು. ಸೊಲ್ಲಾಪುರದ ದಾಳಿಂಬೆ ನಮಗೆ ಹತ್ತಿರವೇ. ವರ್ಣದ್ರವ್ಯದ ಗುಂಪು ಒಂದೇ ಆದ್ದರಿಂದ ಶಿರಾ, ಶ್ರೀಖಂಡಕ್ಕೆ ಮೇಲಿನ ಅಳತೆ, ಎಚ್ಚರಿಕೆಗಳೇ ಸಲ್ಲುತ್ತವೆ, ಶರಬತ್ತಿಗೂ ಅದೇ ಎಚ್ಚರಿಕೆ.

ಹಣ್ಣಿನ ವ್ಯಾಪಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ರಾಶಿಯ ಮೇಲೆ ಬೆಲೆಯ ಜೊತೆಗೆ ತಳಿ ಯಾವುದು, ಎಲ್ಲಿಂದ ಬಂದದ್ದು ಎಂದು ಬರೆಯಿರಿ. ಮೇಣ ಲೇಪಿಸಿದ ಹಣ್ಣಿಗೆ ಹಾಗೆಂದು ಚೀಟಿ ಇರಬೇಕೆಂಬುದು ಆಹಾರ ಸುರಕ್ಷತೆಯ ನಿಯಮವೇ ಆಗಿದೆ. ಪೆಟ್ಟಿಗೆಯ ಮೇಲಿದ್ದ ಆ ಚೀಟಿಯನ್ನು ಕಿತ್ತುಹಾಕದೆ ಗಿರಾಕಿಗೆ ಕಾಣುವಂತೆ ಇಡಿ. ಒಂದು ಹಣ್ಣನ್ನು ಕೊಯ್ದು ಗಾಜಿನ ತಟ್ಟೆಯಲ್ಲಿ ಇಟ್ಟರೆ ಸೂಜಿಯ ಅನುಮಾನವೂ ಅಲ್ಲೇ ಬಗೆಹರಿಯುತ್ತದೆ.

ಇಂತಿ,
ಅಡುಗೆ ಕಸುಬಿನ ಓದುಗರು
ಕಲಬುರಗಿ